ಪಿಪ್ಪಿಯ ಪರವಾಗಿ ಒಂದು ವಕಾಲತ್ತು

ಪೊಕೆಮಾನ್ ಮಾಂಗಾ ಅಂದರೆ ‘ಸ್ಪೆಷಲ್’ ಒಂದೇ, ಉಳಿದದ್ದೆಲ್ಲ ಆಟದ ಕ್ಯಾಸೆಟ್ಟು ಮಾರಲು ಗೀಚಿದ ಕಸ. ಈ ತೀರ್ಪನ್ನು ಕೇಳಿ ಕೇಳಿ ಸಾಕಾಗಿದೆ. ಹಿದೆನೋರಿ ಕುಸಾಕಾ ಬರೆದು ಮಾತೊ ಚಿತ್ರಿಸಿದ, 1997ರಲ್ಲಿ ಶುರುವಾದ ಈ ಸರಣಿಯ ಭಕ್ತರು ಮೊದಲು ಆಟದ ಜನಕ ಸತೋಶಿ ತಜಿರಿಯ ಮೆಚ್ಚುಗೆಯನ್ನು ಮುಂದಿಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅರ್ಬೊಕ್ ಬರುತ್ತದೆ: ಲ್ಯಾವೆಂಡರ್ ಊರಿನ ಗೋಪುರದಲ್ಲಿ ಖಳ ಕೋಗಾನ ಈ ಹಾವು ಎರಡು ತುಂಡಾಗುವ ಚಿತ್ರ. ನೋಡಿ, ಇದು ಮಕ್ಕಳಾಟವಲ್ಲ ಅನ್ನುತ್ತಾರೆ. ಅಲ್ಲದಿದ್ದರೆ ಶೊಗಾಕುಕನ್ ಪ್ರಕಾಶನದವರು ಅದನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ತರಗತಿವಾರು ಹೊರಡಿಸುತ್ತಿದ್ದ ಪತ್ರಿಕೆಗಳಲ್ಲಿ ಏಕೆ ಅಚ್ಚು ಹಾಕಿದರು?

ನಾನು ಕೊಸಾಕು ಅನಾಕುಬೊನ ಪಕ್ಷ. 1996ರಲ್ಲಿ, ಟಿವಿ ಸರಣಿ ಇನ್ನೂ ಹುಟ್ಟದಿದ್ದಾಗ, ಪೊಕೆಮಾನಿಗೆ ಮೊದಲ ಮಾಂಗಾ ಬರೆದವನು ಅವನು. ನಾಯಕ ರೆಡ್, ಅವನ ಸಂಗಾತಿ ಪಿಕಾಚು ಅಲ್ಲ, ಪಿಪ್ಪಿ. ಇಂಗ್ಲಿಷಿನವರು ಕ್ಲೆಫೇರಿ ಅನ್ನುವ ಗುಲಾಬಿ ಬಣ್ಣದ ಗುಂಡು ಪ್ರಾಣಿ. ಆಟದಲ್ಲಿ ಅದು ಚಂದ್ರಪರ್ವತದ ಗುಹೆಯೊಳಗೆ ಎಲ್ಲೋ ಅಪರೂಪಕ್ಕೆ ಕಣ್ಣಿಗೆ ಬೀಳುವಂಥದ್ದು. ಸಿಕ್ಕ ಹುಡುಗ ತರಗತಿಯಲ್ಲಿ ಎದೆಯುಬ್ಬಿಸಿ ನಡೆಯಬಹುದು. ಅನಾಕುಬೊ ಆ ನಿಧಿಗೇ ಮನುಷ್ಯರ ಮಾತು ಕೊಟ್ಟ, ಜತೆಗೆ ಹೊಟ್ಟೆಬಾಕತನ, ಸ್ವಾರ್ಥ, ಹೂಸು. ಪಿಪ್ಪಿ ಬಾಯಿ ತೆರೆದರೆ ಮುಖವೆಲ್ಲ ಹಲ್ಲು, ನಾಲಿಗೆ. ದುಂಡಗಿನ ಮುದ್ದು ದೇಹ ಒಂದೇ ಚೌಕದಲ್ಲಿ ಮುದುಕನ ಹಾಗೆ ವಿಕಾರವಾಗಿ ಮತ್ತೆ ಏನೂ ಆಗದಂತೆ ಮುದ್ದಾಗುತ್ತದೆ. ಜಗತ್ತೇ ತಲೆಯ ಮೇಲೆ ಹೊತ್ತು ಮೆರೆಸಿದ ಪಿಕಾಚು ಇಲ್ಲಿ ಪಿಪ್ಪಿಯ ದಾಯಾದಿ! ಭರತಮುನಿ ಹಾಸ್ಯರಸವನ್ನು ಶೃಂಗಾರದಿಂದ ಹುಟ್ಟಿಸಿದ. ಅನಾಕುಬೊ ನೇರ ಬೀಭತ್ಸದಿಂದಲೇ ಎತ್ತಿಕೊಂಡ.

ಆಟಕ್ಕೆ ಯಾವುದು ನಿಷ್ಠ ಎಂಬ ಮಾತಿಗೆ ಬರೋಣ. ಗೇಮ್ ಬಾಯ್ ಹಿಡಿದ ಹುಡುಗರು ಕೇಬಲ್ ಸಿಕ್ಕಿಸಿ ಪ್ರಾಣಿ ಬದಲಾಯಿಸಿಕೊಳ್ಳುತ್ತಿದ್ದರು. ಹೆಸರಿಡಲು ಸಿಗುತ್ತಿದ್ದದ್ದು ಐದೇ ಅಕ್ಷರ. ಹತ್ತು ವರ್ಷದವರು ಆ ಐದರಲ್ಲಿ ಏನು ಬರೆದಿರುತ್ತಾರೆಂದು ಯಾರಿಗಾದರೂ ಹೇಳಬೇಕೆ? 1996ರಲ್ಲಿ ಕೊರೊಕೊರೊ ಪತ್ರಿಕೆ 20 ಮಂದಿಗೆ ಮ್ಯೂ ಎಂಬ ಪೊಕೆಮಾನ್ ಕೊಡುತ್ತೇವೆಂದು ಚೀಟಿ ಎತ್ತಿದಾಗ 78,000 ಅರ್ಜಿ ಬಂದಿದ್ದವು. ಆ ಗದ್ದಲ, ಆಸೆ, ತುಂಟತನಗಳ ನಡುವೆ ಬೆಳೆದದ್ದು ಪಿಪ್ಪಿ. ಕುಸಾಕಾ ಆಟದ ನಕ್ಷೆಗೆ ನಿಷ್ಠ, ಅನಾಕುಬೊ ಆಡಿದವರಿಗೆ ನಿಷ್ಠ.

ಸ್ಪೆಷಲ್ ಪೂರ್ತಿ ಜೊಳ್ಳು ಎಂದು ನಾನು ಅನ್ನುತ್ತಿಲ್ಲ. ಯೆಲ್ಲೋ ಎಂಬ ಪಾತ್ರ ಬರುವ ಭಾಗವನ್ನು ಇಷ್ಟಪಟ್ಟೇ ಓದಿದ್ದೇನೆ. ಮಾತೊ ಕಾಯಿಲೆಯಿಂದ ಬಿಟ್ಟುಕೊಡುವವರೆಗೆ ಆ ಗೆರೆಗಳಲ್ಲಿ ತಿಳಿ ನಗು ಇತ್ತು. ಆಮೇಲೆ ಸತೋಶಿ ಯಾಮಾಮೊಟೊ ಬಂದ, ಹೊಸ ಆಟಗಳು ಬಂದವು, ಪ್ರತಿ ಆಟಕ್ಕೂ ಹೊಸ ನಾಯಕ, ಹೊಸ ದುಷ್ಟಕೂಟ. ಅಲ್ಲಿ ಮರುಕಳಿಕೆ ನನಗೆ ಬೇಸರ. ಪಿಪ್ಪಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಹೂಸು ಬಿಟ್ಟಿತಲ್ಲ ಅನ್ನುತ್ತೀರಾ? ಬಿಟ್ಟಿತು, ನಾನು ನಕ್ಕೆ. ಪಕ್ಷಪಾತವೆನ್ನಿ.

ನನ್ನ ನಿಜವಾದ ಜಗಳ ಕುಸಾಕಾನ ಜತೆಯಲ್ಲ, ಅವನನ್ನು ಹೊಗಳುವ ರೀತಿಯ ಜತೆ. ಚಿಕ್ಕಂದಿನಲ್ಲಿ ಮೆಚ್ಚಿದ್ದನ್ನು ಮೂವತ್ತರಲ್ಲಿಯೂ ಮೆಚ್ಚಲು ಇವರಿಗೆ ಒಂದು ಪರವಾನಗಿ ಬೇಕು, ತುಂಡಾದ ಹಾವು ಆ ಪರವಾನಗಿ. ಸಾವು, ರಕ್ತ, ಸಂಚು ಇದ್ದರೆ ಪ್ರೌಢ; ಹಲ್ಲು ಕಿರಿದರೆ ಅಗ್ಗ. ಬ್ಯಾಟ್‌ಮನ್ ಸಿನಿಮಾ ಕತ್ತಲಾದಷ್ಟೂ ಗಂಭೀರ ಎಂದವರೂ ಇವರೇ. ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪಿಕಾಚು ನೋಡಿ ಬೆಳೆದವರು ಮಾಂಗಾಕ್ಕೆ ಬಂದದ್ದು ದೊಡ್ಡವರಾದ ಮೇಲೆ, ಅದೂ ಒಳ್ಳೆಯದು ಯಾವುದೆಂದು ಬೇರೆಯವರು ಆರಿಸಿಟ್ಟ ಪಟ್ಟಿ ಹಿಡಿದು. ಮಕ್ಕಳ ಪುಸ್ತಕ ಕೊಳ್ಳುವಾಗ ಹಿಂಬದಿಯಲ್ಲಿ ನೀತಿ ಹುಡುಕುವ ಅಪ್ಪ ಅಮ್ಮಂದಿರಿಗೂ, ಮಾಂಗಾದಲ್ಲಿ ಕ್ರೌರ್ಯ ಹುಡುಕುವ ಅವರ ಮಕ್ಕಳಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ: ಇಬ್ಬರಿಗೂ ನಗುವಿಗೆ ಒಂದು ಕಾರಣಪತ್ರ ಬೇಕು. ಪಿಪ್ಪಿಯ ಹತ್ತಿರ ಅದಿಲ್ಲ. ರೆಡ್‌ನ ಊಟ ಕದ್ದು ತಿಂದು, ಬೈಸಿಕೊಂಡು, ಮುಂದಿನ ಪುಟದಲ್ಲಿ ಮತ್ತೆ ಕದಿಯುತ್ತದೆ.