ಉಡುಪಿನ ಒಳಮಗ್ಗುಲು

ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ನವಿಲಾಗಿದ್ದೆ. ರಟ್ಟಿಗೆ ನೀಲಿ ಸ್ಯಾಟಿನ್ ಅಂಟಿಸಿ, ಬಿದಿರ ಕಡ್ಡಿ ಕಟ್ಟಿ ಮಾಡಿದ ಗರಿಗಳ ಹೊರೆಯನ್ನು ಸೊಂಟಕ್ಕೆ ಬಿಗಿದಿದ್ದರು. ಉಸಿರೆಳೆದರೆ ಕಡ್ಡಿ ಬೆನ್ನಿಗೆ ಚುಚ್ಚುತ್ತಿತ್ತು. ಬಾಗಿದರೆ ಇಡೀ ಬಾಲ ತಲೆಯ ಮೇಲೆ ಬರುತ್ತಿತ್ತು. ಕಲಿತ ಹೆಜ್ಜೆಗಳಲ್ಲಿ ಅರ್ಧ ಬಿಟ್ಟು ನಿಂತಲ್ಲೇ ತಿರುಗಿದೆ. ಚಪ್ಪಾಳೆಯೇನೋ ಭರ್ಜರಿಯಾಗಿ ಬಿತ್ತು. "ಡ್ರೆಸ್ಸು ಎಷ್ಟು ಚೆನ್ನಾಗಿತ್ತು!" ಎಂದರು ಎಲ್ಲರೂ. ಕುಣಿಯಲು ಆಯಿತೇ ಎಂದು ಕೇಳಿದವಳು ಅಮ್ಮ ಒಬ್ಬಳೇ, ಅದೂ ರಾತ್ರಿ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುವಾಗ.

ಈಚೆಗೆ ಬ್ಯಾಲೆ ಉಡುಪುಗಳ ಚರಿತ್ರೆ ಓದುತ್ತಿದ್ದಾಗ ಆ ಕಡ್ಡಿ ಮತ್ತೆ ಚುಚ್ಚಿದಂತಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯನ್ ಬ್ಯಾಲೆಯ ಉಡುಪು ಗುರುತು ಸಿಗದಷ್ಟು ಬದಲಾಯಿತು. ಅದನ್ನು ಬರೆದವರಲ್ಲಿ ಬಹುಮಂದಿ ಪ್ರೇಕ್ಷಕರ ಕುರ್ಚಿಯಲ್ಲಿ ಕೂತೇ ಬರೆದಿದ್ದಾರೆ. ಬಣ್ಣ ಹೇಗಿತ್ತು, ಪ್ಯಾರಿಸ್ ಹೇಗೆ ಬೆರಗಾಯಿತು ಎಂಬುದೇ ಮಾತು. ಬಟ್ಟೆಯೊಳಗಿದ್ದವಳ ಪಾಡು ಅಡಿಟಿಪ್ಪಣಿಗೆ ಹೋಗಿದೆ.

ಮೊದಲು ಇದ್ದದ್ದು ಟುಟು. ಬಿಚ್ಚಿದ ಕೊಡೆಯಂತೆ ಸೊಂಟದ ಸುತ್ತ ಚಾಚಿಕೊಳ್ಳುವ, ಪದರ ಪದರ ಬಲೆಬಟ್ಟೆಯ ಗಿಡ್ಡ ಲಂಗ. ಪೀಟರ್ಸ್‌ಬರ್ಗಿನ ರಂಗದ ಮೇಲೆ ನಾಯಕಿ ಈಜಿಪ್ಟಿನ ರಾಜಕುಮಾರಿಯಾದರೂ ಅದೇ ಲಂಗ; ಅಂಚಿನಲ್ಲಿ ಒಂದಿಷ್ಟು ಈಜಿಪ್ಟಿನ ಚಿತ್ತಾರ ಹೊಲಿದರೆ ಮುಗಿಯಿತು. ಇದನ್ನು ಮೌಢ್ಯವೆಂದು ಇತಿಹಾಸಕಾರರು ನಗುತ್ತಾರೆ. ನನಗೆ ಹಾಗೆ ನಗಲು ಬರುವುದಿಲ್ಲ. ಲಂಗ ಗಿಡ್ಡವಾದಷ್ಟೂ ಕಾಲಿನ ಕೆಲಸ ಕಾಣುತ್ತಿತ್ತು, ಮತ್ತು ಆ ಕಾಲು ಅವಳು ವರ್ಷಗಟ್ಟಲೆ ದುಡಿದು ಗಳಿಸಿದ್ದು.

ಈ ಕಟ್ಟಳೆಯನ್ನು ಮುರಿಯಲು ಹೊರಟ ನೃತ್ಯ ಸಂಯೋಜಕ ಫೋಕಿನ್. 1907ರಲ್ಲಿ 'ಯೂನಿಸ್' ಎಂಬ ಪುರಾತನ ರೋಮಿನ ಕಥೆ ಮಾಡಿದಾಗ ಅವನಿಗೆ ಬರಿಗಾಲು ಬೇಕಿತ್ತು. ಸಾಮ್ರಾಟರ ರಂಗದ ಮೇಲೆ ಬರಿಗಾಲೇ? ಶಿವ ಶಿವ! ಕೊನೆಗೆ ಮೈಬಣ್ಣದ ಕಾಲುಚೀಲದ ಮೇಲೆ ಬೆರಳು, ಉಗುರು ಬರೆದು ಕುಣಿಸಿದರು.

1909ರಲ್ಲಿ ಡಿಯಾಗಿಲೆವ್ ಇವರನ್ನೆಲ್ಲ ಪ್ಯಾರಿಸ್ಸಿಗೆ ಕರೆದೊಯ್ದ. ಮರುವರ್ಷ ಬಂದದ್ದು 'ಷೆಹೆರಜಾದ್'. ಚಿತ್ರಕಾರ ಲಿಯೋನ್ ಬಾಕ್ಸ್ಟ್ ಅದರಲ್ಲಿ ಹಸಿರು, ನೀಲಿಗಳ ಪಕ್ಕ ಕಿತ್ತಳೆ, ಕೆಂಪುಗಳನ್ನು ತಂದು ನಿಲ್ಲಿಸಿದ. ಜಂತಃಪುರದ ಹೆಂಗಸರಿಗೆ ಸಡಿಲ ಷರಾಯಿ ತೊಡಿಸಿ ಬಿಗಿಗುಪ್ಪಸ ಬಿಡಿಸಿದ. ಬೆನ್ನು ಬಾಗಿತು, ನಡು ಬಳುಕಿತು. ಇದು ನಿಜವಾದ ಲಾಭ. ಬಾಕ್ಸ್ಟನಿಗೆ ಅಷ್ಟು ಕೊಡಲೇಬೇಕು. ಆದರೆ ನಾವು ಪುಸ್ತಕಗಳಲ್ಲಿ ನೋಡಿ ಮರುಳಾಗುವುದು ಅವನು ಬರೆದ ಚಿತ್ರಗಳಿಗೆ. ಚಿತ್ರದ ಹೆಂಗಸಿಗೆ ಮೂಳೆಯೂ ಇಲ್ಲ, ಬೆವರೂ ಇಲ್ಲ. ಅದನ್ನು ಬಟ್ಟೆಯಾಗಿಸಿದವರು ಹೊಲಿಗೆಮನೆಯವರು. ಪ್ಯಾರಿಸ್ಸಿನಲ್ಲಿ ಮರಿ ಮ್ಯೂಯೆಲ್ ಎಂಬಾಕೆಯ ಹೊಲಿಗೆಮನೆ ಈ ತಂಡಕ್ಕೆ ಎಷ್ಟೋ ಉಡುಪು ಮಾಡಿಕೊಟ್ಟಿತು. ಆಕೆಯ ಹೆಸರು ಎಷ್ಟು ಜನರಿಗೆ ಗೊತ್ತು?

1912ರ 'ನೀಲಿ ದೇವರು' ನಮ್ಮ ದೇಶದ ಕಥೆಯಂತೆ. ನಿಜಿನ್ಸ್ಕಿಗೆ ಬಾಕ್ಸ್ಟ್ ತೊಡಿಸಿದ ಆ ಉಡುಪು ಈಗ ಕ್ಯಾನ್ಬೆರಾದ ಮ್ಯೂಸಿಯಂನಲ್ಲಿದೆ. ಪಟದಲ್ಲಿ ನೋಡಿದರೆ ನಮ್ಮ ಕೃಷ್ಣನಿಗಿಂತ ಸಯಾಮಿನ ರಾಜನೇ ನೆನಪಾಗುತ್ತಾನೆ. ನೋಟಕ್ಕೆ ಬೆಡಗು, ಆಟ ಮಾತ್ರ ನಿಲ್ಲಲಿಲ್ಲ.

ಹಗುರ ಬಟ್ಟೆಯಾದರೆ ನರ್ತಕಿಗೆ ಸುಖವೆಂದೂ ತಿಳಿಯಬೇಡಿ. 1924ರ 'ಲ ತ್ರಾಂ ಬ್ಲ್ಯೂ'ಗೆ ಷನೆಲ್ ಕೊಟ್ಟದ್ದು ಕಡಲತೀರದಲ್ಲಿ ಶ್ರೀಮಂತರು ತೊಡುವಂಥದೇ ಹೆಣಿಗೆಯ ಈಜುಡುಗೆ. ಎತ್ತಿ ಹಿಡಿಯಬೇಕಾದ ಜೊತೆಗಾರನಿಗೆ ಅದರಲ್ಲಿ ಹಿಡಿತವೇ ಸಿಗುತ್ತಿರಲಿಲ್ಲ. ಫ್ಯಾಷನ್ನಿನ ಸರಳತೆ ಬೇರೆ, ಕುಣಿತದ ಸರಳತೆ ಬೇರೆ.

ಹಾಗಾದರೆ ಭಾರವೆಲ್ಲ ತಪ್ಪೇ? ಹಾಗೆಂದೇ ನಂಬಿದ್ದೆ. ನಂಬಿಕೆ ಅಲುಗಿದ್ದು 1913ರ 'ರೈಟ್ ಆಫ್ ಸ್ಪ್ರಿಂಗ್' ನೋಡಿದಾಗ. ಅಮೆರಿಕದ ಜೋಫ್ರಿ ತಂಡ 1987ರಲ್ಲಿ ಅದನ್ನು ಹುಡುಕಿ ಜೋಡಿಸಿ ಮತ್ತೆ ಆಡಿತ್ತು; ಅದರ ಚಿತ್ರೀಕರಣವನ್ನು ಮಗಳು ತೋರಿಸಿದಳು. ಸ್ಟ್ರಾವಿನ್ಸ್ಕಿಯ ಸಂಗೀತ, ನಿಜಿನ್ಸ್ಕಿಯ ಸಂಯೋಜನೆ. ಮಳೆ ಬೆಳೆಗಾಗಿ ಹುಡುಗಿಯೊಬ್ಬಳು ಕುಣಿಯುತ್ತಲೇ ಸಾಯಬೇಕಾದ ಕಥೆ. ಪ್ಯಾರಿಸ್ಸಿನ ಮೊದಲ ಪ್ರದರ್ಶನದಲ್ಲಿ ಜನ ಕೂಗಾಡಿದ್ದು ಎಲ್ಲರಿಗೂ ಗೊತ್ತು. ಬಲಿಯ ಹುಡುಗಿಯಾಗಬೇಕಿದ್ದವಳು ನಿಜಿನ್ಸ್ಕಿಯ ತಂಗಿ ಬ್ರೊನಿಸ್ಲಾವಾ. ಆಕೆ ಬಸುರಿಯಾದ್ದರಿಂದ ಪಾತ್ರ ಮರಿಯಾ ಪಿಲ್ಟ್ಸ್‌ಗೆ ಹೋಯಿತು.

ಉಡುಪು ನಿಕೊಲಾಸ್ ರೋರಿಕ್‌ನದು. ಹಳೆಯ ನೆಲ ಅಗೆದು ನೋಡಿದವ, ರೈತರ ಬಟ್ಟೆಯ ಸಂಗ್ರಹಗಳನ್ನು ಕಂಡಿದ್ದವ. ಮೈಗಂಟದ ದಪ್ಪ ಉಣ್ಣೆಯ ನಿಲುವಂಗಿ, ಅದರ ಮೇಲೆ ಅಚ್ಚು ಹಾಕಿದ ವೃತ್ತ, ಪಟ್ಟೆ. ಗಂಡಸರಿಗೆ ತುಪ್ಪಳದ ಟೋಪಿ, ಕಟ್ಟಿದ ಗಡ್ಡ. ಮೇ ತಿಂಗಳ ಸೆಕೆಗೆ ನರ್ತಕರು ಗೊಣಗಿದ್ದರಲ್ಲಿ ಆಶ್ಚರ್ಯವೇನು? ಆದರೆ ಇಲ್ಲಿ ಹಾರಿದವರು ಹಾರಿ ಹೋಗುವುದಿಲ್ಲ, ನೆಲಕ್ಕೆ ಬೀಳುತ್ತಾರೆ. ಪಾದ ಒಳಕ್ಕೆ ತಿರುಗಿದೆ, ಮಂಡಿ ಬಾಗಿದೆ. ರೇಷ್ಮೆಯಲ್ಲಿ ಇದೇ ಕುಣಿತ ಮಾಡಿದ್ದರೆ ಅಣಕದಂತಿರುತ್ತಿತ್ತು. ಭಾರವೇ ಇಲ್ಲಿ ಹೆಜ್ಜೆಯನ್ನು ಹೇಳಿಕೊಡುತ್ತಿದೆ. ನನ್ನ ನವಿಲಿನ ಬಾಲ ನನಗೆ ಏನನ್ನೂ ಹೇಳಿಕೊಡಲಿಲ್ಲ, ಹೇಳಿಕೊಟ್ಟದ್ದನ್ನು ಕಿತ್ತುಕೊಂಡಿತು.

ಈ ರೋರಿಕ್ ಮುಂದೆ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲೇ ತೀರಿಕೊಂಡ. ಮಗ ಸ್ವೆತೊಸ್ಲಾವ್ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ಮನೆ ಮಾಡಿದ್ದು ನಿಮಗೆ ಗೊತ್ತೇ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್‌ರ ಚಿತ್ರಗಳ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ತಂದೆಯ ಹೆಸರು ಕೇಳಿದರೆ ನನಗೆ ಹೊಳೆಯುತ್ತಿದ್ದುದು ಹಿಮಾಲಯದ ನೀಲಿ ಮೌನ ಮಾತ್ರ. ಆ ಕೈಯೇ ಒಂದು ಕಾಲಕ್ಕೆ ಹುಡುಗಿಯರ ಬೆವರಿಗೆ ಬಟ್ಟೆ ಕತ್ತರಿಸಿತ್ತೆಂದು ತಿಳಿದಿರಲಿಲ್ಲ.

ನಿಜಿನ್ಸ್ಕಿಯ ಆ ಸಂಯೋಜನೆ ಹತ್ತು ಸಲವೂ ರಂಗ ಕಾಣಲಿಲ್ಲ. ಕೆಲವು ಉಡುಪುಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಉಳಿದಿವೆ. ಡಿಯಾಗಿಲೆವ್ ತಂಡದ ಹಳೆಯ ಬಟ್ಟೆಗಳ ಒಳಮಗ್ಗುಲಲ್ಲಿ ಇಂದಿಗೂ ಬೆವರಿನ, ಮುಖಬಣ್ಣದ ಕಲೆಗಳು ಕಾಣುತ್ತವಂತೆ. ಎಂದಾದರೂ ಅಲ್ಲಿಗೆ ಹೋದರೆ ನನಗೆ ನೋಡಬೇಕಾದದ್ದು ಆ ಮಗ್ಗುಲು.