ಪರೇಹಾನ ಹಣೆಯ ಮೇಲಿನ ಬೆಳಕು

ತೈಲವರ್ಣದಲ್ಲಿ ಮುಖ ಬರೆಯುವುದನ್ನು ಕಲಿಯಬೇಕೆನ್ನುವವರಿಗೆ ನಾನು ಹೇಳುವುದಿಷ್ಟೇ: ದೊಡ್ಡ ಕಲಾವಿದನೊಬ್ಬನ ಒಂದೇ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು, ಅವಸರವಿಲ್ಲದೆ ನಕಲು ಮಾಡಿ. ನನಗೆ ಆ ಗುರು ಸ್ಪೇನಿನ ದಿಯೆಗೊ ವೆಲಾಸ್ಕೆಸ್. ಚಿತ್ರ, ಅವನು 1650ರಲ್ಲಿ ರೋಮಿನಲ್ಲಿ ಬರೆದ ಹ್ವಾನ್ ದೆ ಪರೇಹಾನ ಭಾವಚಿತ್ರ. ಮೂಲ ಇರುವುದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ. ನನ್ನ ಈಸೆಲ್ಲಿನ ಪಕ್ಕದಲ್ಲಿರುವುದು ಅದರ ಒಳ್ಳೆಯ ಮುದ್ರಿತ ಪ್ರತಿ.

ಪರೇಹಾ ವೆಲಾಸ್ಕೆಸನ ಗುಲಾಮನಾಗಿದ್ದವನು. ಅವನ ಚಿತ್ರಶಾಲೆಯಲ್ಲೇ ಸಹಾಯಕನಾಗಿ ದುಡಿದವನು. ಚಿತ್ರದಲ್ಲಿ ಮಾತ್ರ ಗುಲಾಮಗಿರಿಯ ಸುಳಿವೇ ಇಲ್ಲ. ಗುಂಗುರುಗೂದಲು, ಕಪ್ಪು ಗಡ್ಡ, ಹೊಟ್ಟೆಯ ಮೇಲೆ ಅಡ್ಡಲಾಗಿ ಬಂದ ಕೈ, ನೋಡುವವರ ಕಣ್ಣಲ್ಲೇ ನೆಟ್ಟ ನೋಟ. ಆ ನೋಟದೆದುರು ಕುಂಚ ಹಿಡಿದು ಕೂತರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ನಾನು ಈ ಚಿತ್ರವನ್ನು ಆರಿಸಿಕೊಂಡದ್ದು ಆ ಮುಖದ ಬಣ್ಣಕ್ಕಾಗಿ. ಯುರೋಪಿನ ಪುಸ್ತಕಗಳು ಕಲಿಸುವ ಚರ್ಮದ ಬಣ್ಣ ಬಹುಮಟ್ಟಿಗೆ ಗುಲಾಬಿ ಛಾಯೆಯದು; ನಮ್ಮ ಮನೆಯವರ ಮುಖ ಬರೆಯಲು ಅದು ಸಾಲದು. ಇಲ್ಲಿರುವುದು ಮಾಗಿದ ಸಪೋಟಾ ತಿರುಳಿನ ಕಂದು: ಬೆಚ್ಚಗಿನ, ಒಳಗಿನಿಂದ ಕೆಂಪು ಒಸರುವ ಕಂದು. ಅದನ್ನು ಹಿಡಿಯಲು ಬಣ್ಣಗಳ ದೊಡ್ಡ ಪೆಟ್ಟಿಗೆಯೇನೂ ಬೇಡ. ಬರ್ನ್ಟ್ ಅಂಬರ್, ಯೆಲ್ಲೋ ಓಕರ್, ಒಂದು ಕೆಂಪು, ಐವರಿ ಬ್ಲ್ಯಾಕ್, ಬಿಳಿ, ಇಷ್ಟಿದ್ದರೆ ಆಯಿತು. ಮೊದಲು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿದ ಅಂಬರಿನಿಂದ ನೆರಳುಗಳನ್ನೆಲ್ಲ ಹಾಸಿಬಿಡುತ್ತೇನೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಮೂಗು, ತುಟಿಗಳೆಲ್ಲ ಕರಗಿ, ನೆರಳು ಬೆಳಕುಗಳ ಎರಡೇ ದೊಡ್ಡ ಆಕಾರಗಳು ಉಳಿಯುತ್ತವೆ. ಅವು ಸರಿಯಾಗಿ ಕೂತರೆ ಹೋಲಿಕೆ ಅರ್ಧ ಬಂದಂತೆಯೇ.

ಆಮೇಲೆ ಹಣೆ. ಇಲ್ಲಿ ನಾನು ಬೇಕೆಂದೇ ನಿಧಾನಿಸುತ್ತೇನೆ. ಹುಬ್ಬಿನ ಮೇಲಿಂದ ಬೆಳಕು ಏರುವಾಗ ಆ ಕಂದು ಮೊದಲು ಕೆಂಪಗಾಗುತ್ತದೆ, ಆಮೇಲೆ ಹೊಂಬಣ್ಣಕ್ಕೆ ತಿರುಗುತ್ತದೆ, ಕೊನೆಗೆ, ಎಲ್ಲಕ್ಕಿಂತ ಹೊಳೆಯುವ ಕಡೆ, ಸ್ವಲ್ಪ ತಣ್ಣಗಾಗುತ್ತದೆ. ಆ ತಂಪೇ ಚರ್ಮಕ್ಕೆ ನುಣುಪು ಕೊಡುವುದು. ಬಿಳಿಗೆ ಕಪ್ಪಿನ ಒಂದು ಕಣ ಬೆರೆಸಿದರೆ ಬೂದುಬಣ್ಣ ಬರುತ್ತದೆ. ಅದನ್ನೇ ಬೆಚ್ಚಗಿನ ಕಂದಿನ ಪಕ್ಕದಲ್ಲಿಟ್ಟಾಗ ನೀಲಿಯ ಹಾಗೆ ಕಾಣುತ್ತದೆ. ತುಂಬಿದ ಕುಂಚವನ್ನು ಒಮ್ಮೆ ಇಟ್ಟು, ಎಳೆಯದೆ, ತೀಡದೆ, ಮೆಲ್ಲಗೆ ಎತ್ತಿಬಿಡಬೇಕು. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಕೂತು ಅಂಚುಗಳು ಒಂದಕ್ಕೊಂದು ಸೇರಿಕೊಳ್ಳುವ ಆ ಕ್ಷಣದ ಸುಖ, ಆಹಾ, ಕೈಗೇ ಗೊತ್ತು!

ಇನ್ನು ಕೊರಳಪಟ್ಟಿ. ದೂರದಿಂದ ಅದು ನವಿರಾದ ಬಿಳಿ ಲೇಸು, ಎಳೆ ಎಳೆಯಾಗಿ ಹೆಣೆದದ್ದು. ಹತ್ತಿರ ಹೋದರೆ ಎಳೆಯೂ ಇಲ್ಲ, ಹೆಣಿಗೆಯೂ ಇಲ್ಲ. ಬೂದುಬಣ್ಣದ ಮೇಲೆ ಬಿಳಿಯ ಕೆಲವು ಸಡಿಲ ತಟ್ಟುಗಳು, ಅಷ್ಟೇ. ವೆಲಾಸ್ಕೆಸ್ ಉದ್ದನೆಯ ಹಿಡಿಯ ಕುಂಚಗಳಿಂದ ಬರೆಯುತ್ತಿದ್ದನಂತೆ. ನಕಲು ಮಾಡುವಾಗ ಇದರ ಕಾರಣ ತಾನಾಗಿ ತಿಳಿಯುತ್ತದೆ. ಕ್ಯಾನ್ವಾಸಿಗೆ ಮೂಗು ತಾಗಿಸಿ ಕೂತವನಿಗೆ ಈ ಲೇಸು ಒಲಿಯುವುದಿಲ್ಲ. ತೋಳು ಚಾಚಿ, ಕುಂಚದ ತುದಿ ಹಿಡಿದು, ಹಿಂದೆ ನಿಂತು ಬರೆದವನಿಗೆ ಮಾತ್ರ ಅದು ಲೇಸಾಗಿ ಕಾಣುತ್ತದೆ. ಬೂದುಹಸಿರಿನ ಉಡುಪು, ಮಬ್ಬು ಹಿನ್ನೆಲೆ, ಎಲ್ಲ ಸುಮ್ಮನಿದ್ದು ಆ ಬಿಳಿಗೆ ದಾರಿ ಬಿಟ್ಟಿವೆ.

ನಕಲೆಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ ರಾಜಕಾರ್ಯದ ಮೇಲೆ 1628ರಲ್ಲಿ ಮ್ಯಾಡ್ರಿಡ್‌ಗೆ ಬಂದಾಗ ಅವನಿಗೆ ಐವತ್ತು ದಾಟಿತ್ತು, ಯುರೋಪೆಲ್ಲ ಹೆಸರಾಗಿದ್ದ; ಆದರೂ ಅರಮನೆಯಲ್ಲಿದ್ದ ಟಿಷಿಯನ್‌ನ ಚಿತ್ರಗಳೆದುರು ಕೂತು ನಕಲು ಮಾಡಿದ. ಆಗ ಅಲ್ಲೇ ಆಸ್ಥಾನ ಚಿತ್ರಕಾರನಾಗಿದ್ದವನು ಇದೇ ವೆಲಾಸ್ಕೆಸ್, ಇನ್ನೂ ಇಪ್ಪತ್ತರ ಹರೆಯದವನು. 1879ರಲ್ಲಿ ಅಮೆರಿಕದ ಚಿತ್ರಕಾರ ಸಾರ್ಜೆಂಟ್ ಅದೇ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯಕ್ಕೆ ಬಂದು ವೆಲಾಸ್ಕೆಸನ ಚಿತ್ರಗಳನ್ನು ನಕಲು ಮಾಡಿದ. ಸಾರ್ಜೆಂಟನ ಭಾವಚಿತ್ರಗಳಲ್ಲಿ ಒಂದೇ ಏಟಿಗೆ ಮೂಡುವ ರೇಷ್ಮೆಯ ಮಿಂಚು ನೋಡಿದಾಗಲೆಲ್ಲ ನನಗೆ ಆ ಪ್ರಾದೊದ ದಿನಗಳು ನೆನಪಾಗುತ್ತವೆ.

ಪರೇಹಾನಿಗೆ ಬಿಡುಗಡೆಯ ಪತ್ರ ಸಿಕ್ಕಿದ್ದೂ 1650ರಲ್ಲೇ, ಅದೇ ರೋಮಿನಲ್ಲಿ. ಆದರೆ ಅದು ಜಾರಿಗೆ ಬರಲು ಇನ್ನೂ ನಾಲ್ಕು ವರ್ಷ ದುಡಿಯಬೇಕಿತ್ತು. ಮುಂದೆ ಅವನೇ ಚಿತ್ರಕಾರನಾದ. 1661ರಲ್ಲಿ ಅವನು ಬರೆದ, ಯೇಸು ಮತ್ತಾಯನನ್ನು ಕರೆಯುವ ದೊಡ್ಡ ಚಿತ್ರ ಈಗ ಪ್ರಾದೊದಲ್ಲಿದೆ. ಅದರಲ್ಲಿ ಗುರುವಿನ ಬೂದು ಮೌನವಿಲ್ಲ. ಬಣ್ಣಗಳು ತುಂಬಿ ತುಳುಕುತ್ತವೆ. ಎಡ ಅಂಚಿನಲ್ಲಿ, ಕೈಯಲ್ಲಿ ತನ್ನ ಹೆಸರಿನ ಚೀಟಿ ಹಿಡಿದು ಅವನೇ ನಿಂತಿದ್ದಾನೆ. ನಾನು ಮುಂದೆ ನಕಲು ಮಾಡಬೇಕೆಂದಿರುವುದು, ಪರೇಹಾ ತಾನೇ ಬರೆದುಕೊಂಡ ಆ ಮುಖವನ್ನು.