ಒಂದು ಸೆರೆಮನೆಯ ಚಿತ್ರ: ಅದರ ಮುಕ್ತಾಯವನ್ನು ಕುರಿತು
ಫ್ರಾಂಕ್ ಡರಬಾಂಟ್ ಅವರ 'ದಿ ಶಾಶ್ಯಾಂಕ್ ರಿಡೆಂಪ್ಷನ್' (1994) ಚಿತ್ರವು ತೆರೆಕಂಡಾಗ ಹಣ ಗಳಿಸಲಿಲ್ಲ; 7 ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರೂ ಒಂದನ್ನೂ ಪಡೆಯಲಿಲ್ಲ. ಇಂದು ಅದನ್ನು ಮೆಚ್ಚದವರು ವಿರಳ. ಆದರೂ ಮುಕ್ತಾಯದ ವಿಷಯದಲ್ಲಿ ಸಹೃದಯರಿಗೆ ಒಮ್ಮತವಿಲ್ಲ. ಸ್ಟೀಫನ್ ಕಿಂಗ್ ಅವರ ಮೂಲಕಥೆಯು (1982) ರೆಡ್‌ನ ನಿರೀಕ್ಷೆಯಲ್ಲಿಯೇ ನಿಲ್ಲುತ್ತದೆ; ಚಿತ್ರವಾದರೋ ಗೆಳೆಯರಿಬ್ಬರನ್ನೂ ಕಡಲತೀರದಲ್ಲಿ ಕೂಡಿಸುತ್ತದೆ. ಪ್ರೇಕ್ಷಕನ ಊಹೆಗೆ ಏನನ್ನೂ ಉಳಿಸಲಿಲ್ಲವೆಂದು ಕೆಲವರ ಆಕ್ಷೇಪಣೆ.

ಇದನ್ನು ನಾವು ಒಪ್ಪಲಾರೆವು. ಸುಮಾರು 50 ವರ್ಷ ಸೆರೆಯಲ್ಲಿದ್ದು ಬಿಡುಗಡೆ ಹೊಂದಿದ ವೃದ್ಧ ಬ್ರೂಕ್ಸ್ ನೇಣಿಗೆ ಶರಣಾದನು. ಗೋಡೆಯಾಚೆ ಅವನಿಗೆ ತನ್ನವರೆಂಬವರು ಯಾರೂ ಇರಲಿಲ್ಲ. ಅದೇ ಕೊಠಡಿಯ ಅದೇ ತೊಲೆಯ ಕೆಳಗೆ ರೆಡ್ ಬಂದು ನಿಂತಾಗ ಅವನನ್ನು ಉಳಿಸಿದ್ದು ಆಂಡಿಗೆ ಕೊಟ್ಟ ಮಾತೊಂದೇ. ಆ ಮಾತು ಸಂದದ್ದನ್ನು ಕಣ್ಣಾರೆ ಕಾಣುವುದು ಅತಿಯೆನಿಸದು. ನಿರ್ದೇಶಕರೂ ಆ ಆಲಿಂಗನವನ್ನು ದೂರದಿಂದಲೇ ತೋರಿಸಿದ್ದಾರೆ. ಆಕ್ಷೇಪಿಸುವುದಾದರೆ ವಾರ್ಡನ್ ನಾರ್ಟನ್‌ನ ಪಾತ್ರವನ್ನು ಆಕ್ಷೇಪಿಸಬೇಕು: ಕೈಯಲ್ಲಿ ಬೈಬಲ್, ತಿಜೋರಿಯಲ್ಲಿ ಲಂಚದ ಲೆಕ್ಕ. ಬಣ್ಣ ತುಸು ಗಾಢವಾಯಿತು.